ಪುತ್ತಿಗೆ ಸೀಮೆಯ ಬೇಸಾಯ: ಸೊಪ್ಪು, ಹಟ್ಟಿಗೊಬ್ಬರ ಮತ್ತು ಅಕ್ಕಿಮುಡಿ

ಒಂದು ಕಾಲಕ್ಕೆ ಚೌಟ ಅರಸರ ನೆಲೆಯಾಗಿದ್ದ ಪುತ್ತಿಗೆ ಹಾಗೂ ಅದರ ಆಸುಪಾಸಿನ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಸೀಮೆಗಳಲ್ಲಿ ಭತ್ತದ ಬೇಸಾಯವು ಗದ್ದೆಯೊಂದನ್ನೇ ನೆಚ್ಚಿರಲಿಲ್ಲ. ಗದ್ದೆಯ ಸಾರ ಗುಡ್ಡದ ಸೊಪ್ಪಿನಿಂದಲೂ, ಮನೆಯ ಆಹಾರ ಗದ್ದೆಯ ಜೊತೆಗೆ ಹಿತ್ತಿಲು ಮತ್ತು ಕಾಡುಗಳಿಂದಲೂ ಒದಗುತ್ತಿತ್ತು.

1801ರ ಆರಂಭದಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಬೈಲು, ಮಜಲು, ಬೆಟ್ಟು ಎಂಬ ಗದ್ದೆಗಳ ಸ್ಥಳೀಯ ವಿಂಗಡಣೆಯನ್ನು ದಾಖಲಿಸಿದ್ದಾನೆ. ತಗ್ಗಿನಲ್ಲಿದ್ದು ನೀರು ನಿಲ್ಲುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರೂ ಬೆಳೆಗಳು ಸಾಧ್ಯವಿದ್ದವು. ಮಜಲಿನಲ್ಲಿ ಸಾಮಾನ್ಯವಾಗಿ ಎರಡು, ಮಳೆಯನ್ನೇ ನಂಬಿದ ಬೆಟ್ಟುಗದ್ದೆಯಲ್ಲಿ ಒಂದು.

ಇಲ್ಲಿನ ಮುರಕಲ್ಲಿನ ಮಣ್ಣು ಭಾರಿ ಮಳೆಗೆ ಸುಣ್ಣಾಂಶ, ಪೊಟ್ಯಾಶ್‌ಗಳನ್ನು ಕಳೆದುಕೊಂಡು ಹುಳಿಯಾಗುವ ಕಾರಣ, ಪ್ರತಿ ವರ್ಷವೂ ಹೊರಗಿನಿಂದ ಸಾರ ತಂದು ಸೇರಿಸದೆ ಉಪಾಯವಿರಲಿಲ್ಲ. ಗುಡ್ಡದಿಂದ ಬೇಸಿಗೆಯಲ್ಲಿ ತರಗೆಲೆಯನ್ನೂ ಮಳೆಗಾಲದಲ್ಲಿ ಹಸಿಸೊಪ್ಪನ್ನೂ ತಂದು ಹಟ್ಟಿಯಲ್ಲಿ, ಅಂದರೆ ದನದ ಕೊಟ್ಟಿಗೆಯಲ್ಲಿ ಹಾಸಲಾಗುತ್ತಿತ್ತು. ಸೆಗಣಿ, ಗಂಜಲ ಹೀರಿ ತುಳಿತಕ್ಕೆ ಸಿಕ್ಕಿದ ಈ ಹಾಸೇ ಹಟ್ಟಿಗೊಬ್ಬರವಾಗಿ ಗದ್ದೆ ಸೇರುತ್ತಿತ್ತು. ಮಣ್ಣು ಮತ್ತು ತರಗೆಲೆಯನ್ನು ಒಟ್ಟಿ ನಿಧಾನವಾಗಿ ಸುಟ್ಟು ಮಾಡುವ ಸುಡುಮಣ್ಣು ತರಕಾರಿ ಸಾಲುಗಳಿಗೆ ಬಳಕೆಯಾಗುತ್ತಿತ್ತು. ಅದರಲ್ಲಿನ ಬೂದಿ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ. ಭತ್ತದ ಕೊಯ್ಲಿನ ಬಳಿಕ ಉಳಿದ ತೇವದಲ್ಲಿ ಬಿತ್ತಿದ ಉದ್ದು, ಹೆಸರು, ಹುರುಳಿಗಳು ಅಡುಗೆಗೂ ಒದಗಿ, ಬೇರಿನ ಗಂಟುಗಳ ಮೂಲಕ ಮಣ್ಣಿಗೂ ಸಾರಜನಕ ಸೇರಿಸುತ್ತಿದ್ದವು.

ಗದ್ದೆಗೆ ಗುಡ್ಡ ಬೇಕೇಬೇಕು ಎಂಬುದನ್ನು ಬ್ರಿಟಿಷ್ ಆಡಳಿತದ ಕಂದಾಯ ಕಾನೂನೂ ಒಪ್ಪಿತ್ತು. ಹಳೆಯ ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಹಿಡುವಳಿಯ ಸುತ್ತ ನೂರು ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ, ಮೇವು ಪಡೆಯುವ ಹಕ್ಕಿಗೆ ಕುಮ್ಕಿ ಎಂದು ಹೆಸರು. ಅದೇ ಆಡಳಿತ 1860ರಲ್ಲಿ ಕಾಡು ಕಡಿದು ಸುಟ್ಟು ಬಿತ್ತುವ ಕುಮೇರಿ ಬೇಸಾಯವನ್ನು ನಿರ್ಬಂಧಿಸಿದ್ದರಿಂದ, ಜಮೀನುಳ್ಳವರ ಗುಡ್ಡ ಉಳಿದು ಜಮೀನಿಲ್ಲದವರ ಗುಡ್ಡ ಕೈತಪ್ಪಿತು ಎನ್ನಬೇಕಾಗುತ್ತದೆ.

ಕೊಯ್ದ ಭತ್ತವನ್ನು ಬೈಹುಲ್ಲಿನ ತುಪ್ಪೆಯಲ್ಲಿ, ಅಕ್ಕಿಯನ್ನೂ ಬೀಜದ ಭತ್ತವನ್ನೂ ಹುಲ್ಲಿನ ಹಗ್ಗ ಬಿಗಿದ ಮುಡಿಗಳಲ್ಲಿ ಕಾಪಿಡುವುದು ರೂಢಿಯಾಗಿತ್ತು. ಆದರೆ ಗೇಣಿಯೂ ಮುಡಿಯ ಲೆಕ್ಕದಲ್ಲೇ ಧನಿಯ ಮನೆ ಸೇರುತ್ತಿದ್ದ ಕಾರಣ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಒಕ್ಕಲುಗಳ ದಾಸ್ತಾನು ಮುಗಿಯುತ್ತಿತ್ತು. ಮಾಡಿನ ಅಡಿಯಲ್ಲಿ ತೂಗಹಾಕಿದ ಸೌತೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ, ಕೆಸು, ತಜಂಕ್ ಸೊಪ್ಪು, ಕಣಿಲೆ ಅಂದರೆ ಎಳೆ ಬಿದಿರು, ಇವುಗಳೇ ಆಗ ಆಸರೆ. ಇಂದು ಆಟಿಯ ಖಾದ್ಯಗಳೆಂದು ಸಮಾರಂಭಗಳಲ್ಲಿ ಬಡಿಸುವ ಇವು ಬರದ ಊಟವಾಗಿದ್ದವೆಂಬುದು ಮರೆತುಹೋಗುತ್ತಿದೆ.

1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ಕೊನೆಗಾಣಿಸಿತು. ಆ ವೇಳೆಗೆ ರಾಸಾಯನಿಕ ಗೊಬ್ಬರ ಮತ್ತು ಐಆರ್‌-8ರಂಥ ಗಿಡ್ಡ ತಳಿಗಳು ಬಂದಿದ್ದವು. ಮುಂದೆ ಆಳುಗಳ ಕೊರತೆ ಮತ್ತು ಅಡಿಕೆಯ ಆದಾಯದಿಂದಾಗಿ ಅನೇಕ ಗದ್ದೆಗಳು ತೋಟಗಳಾದವು, ಕುಮ್ಕಿಯ ಗುಡ್ಡಗಳಲ್ಲಿ ಗೇರು, ರಬ್ಬರ್ ಎದ್ದವು. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಸಣ್ಣ ಹಿಡುವಳಿಗಳ ಅಭಿವೃದ್ಧಿಗೆ ಕೈಹಾಕಿತು. ಅದೇ ತಾಲ್ಲೂಕಿನ ಮಿತ್ತಬಾಗಿಲಿನಲ್ಲಿ ಕೃಷಿಕ ಬಿ.ಕೆ. ದೇವರಾವ್ ನೂರಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳನ್ನು ಬೆಳೆದು ಉಳಿಸಿದರು.