ಹೆಂಚಿಗೆ ಹೆಸರಿತ್ತು

ಯಶವಂತಪುರದ ನನ್ನ ಬಾಡಿಗೆ ರೂಮಿಗೆ ಆರ್‌ಸಿಸಿ ಸೂರು, ಊರಿನ ಮನೆಗೆ ಮಂಗಳೂರು ಹೆಂಚು. ಚಿಕ್ಕವನಿದ್ದಾಗ ಅಟ್ಟ ಹತ್ತಿ ಹೆಂಚಿನ ಮೇಲಿನ ಉಬ್ಬಕ್ಷರ ಓದೋದೇ ಒಂದು ಆಟ: ಬಾಸೆಲ್ ಮಿಷನ್, 1865. ಅದು ನಮ್ಮ ಮನೆ ಕಟ್ಟಿದ ವರ್ಷ ಅಂತಲೇ ನಂಬಿದ್ದೆ! ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ ಅದು.

1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನ್ನಿನವರು ಮುಂದೆ ಕ್ಯಾಮೆರಾ ಹಿಡಿದು, ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಫೋಟೋಗಳನ್ನೂ ಕಳಿಸುತ್ತಿದ್ದರು. ಅಲ್ಲಿನ ಪತ್ರಾಗಾರ ಅವನ್ನೆಲ್ಲ ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಇಟ್ಟಿದೆ. ಆಫ್ರಿಕಾ, ಚೀನಾ ಎಲ್ಲ ಸೇರಿ 28,000ಕ್ಕೂ ಹೆಚ್ಚು.

ಒಂದು ರಾತ್ರಿ ರಿಲೀಸ್ ಮುಗಿಯೋದನ್ನು ಕಾಯ್ತಾ ಕೂತಿದ್ದಾಗ ಹೆಂಚಿನ ಕಾರ್ಖಾನೆಯ ಕೆಲಸಗಾರರ ಚಿತ್ರ ಸಿಕ್ಕಿತು. ಪಾದ್ರಿಗಳ ಚಿತ್ರಗಳಲ್ಲಿ ಹೆಸರಿತ್ತು. ಇದರಲ್ಲಿ ಬರೀ ಕೆಲಸಗಾರರು. ಆ ಕಾಲದ ರೂಢಿಯೇ ಅದು. ಆದರೆ ಹೆಸರಿನ ಕಾಲಂ ಖಾಲಿ ಇದ್ದರೆ ಆ ಮನುಷ್ಯ ಯಾವ ಸರ್ಚಿಗೂ ಸಿಗಲ್ಲ. ನನ್ನ ಹೊಟ್ಟೆಪಾಡು ಕಲಿಸಿದ ಜ್ಞಾನ ಇದು.

ಚಿತ್ರವನ್ನು ಊರಿಗೆ ವಾಟ್ಸಾಪ್ ಮಾಡಿದೆ. ಅಜ್ಜಿಯ ಅಪ್ಪ ಹೆಂಚಿನ ಭಟ್ಟಿಯಲ್ಲಿ ದುಡಿದವರು. ಅವರದೊಂದು ಫೋಟೋನೂ ನಮ್ಮಲ್ಲಿಲ್ಲ. ಇದು ಅವರಿಗಿಂತ ಹಳೇದು, ಹುಡುಕಬೇಡಿ ಅಂತ ಮೊದಲೇ ಹೇಳಿದ್ದೆ. ಆದ್ರೂ ಅಜ್ಜಿ ಅಮ್ಮನ ಕೈಲಿ ಒಂದೊಂದೇ ಮುಖ ದೊಡ್ಡದು ಮಾಡಿಸಿ ನೋಡಿದರಂತೆ. ಮರುದಿನ ಫೋನ್ ಬಂತು.

"ಮಗಾ, ಇವರ ಹೆಸರು ಯಾರಾದ್ರೂ ಹೇಳಿದ್ರೆ ಅವರು ಬರ್ಕೊಳ್ತಾರಾ?"

"ಬರೆದು ಕೇಳ್ತೇನೆ ಅಜ್ಜಿ."

"ಕೇಳು. ನಾನೂ ಇಲ್ಲಿ ಹಳಬರ ಹತ್ರ ವಿಚಾರಿಸ್ತೇನೆ."