ಸೂಜಿ, ದಾರ ಮತ್ತು ಯೂರೋಪು

ಪ್ರಾಗ್ ನಗರದ ಮುಖ್ಯ ರೈಲು ನಿಲ್ದಾಣದಿಂದ ಹಳೇ ಪಟ್ಟಣದ ಚೌಕಕ್ಕೆ ನಡೆದುಕೊಂಡು ಹೋದರೆ ಇಪ್ಪತ್ತು ನಿಮಿಷ. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಕಾರಣ, ಅಮ್ಮ ತುಂಬಿಕೊಟ್ಟ ಸೂಟ್‌ಕೇಸು.

ಆಫೀಸಿನವರು ಮೂರು ತಿಂಗಳ ಮಟ್ಟಿಗೆ ಮ್ಯೂನಿಕ್‌ಗೆ ಕಳಿಸಿದ್ದರು. ಒಂದು ವಾರಾಂತ್ಯಕ್ಕೆ ಪ್ರಾಗ್ ನೋಡಿ ಬರೋಣ ಅಂತ ಹೊರಟೆ. ಬೇರೆ ಬ್ಯಾಗ್ ಇರಲಿಲ್ಲ, ಬೆಂಗಳೂರಿನಿಂದ ತಂದ ಅದೇ ದೊಡ್ಡ ಪೆಟ್ಟಿಗೆಯನ್ನು ಅರ್ಧ ಖಾಲಿ ಮಾಡಿಕೊಂಡು ಹೋದೆ. ಅರ್ಧ ಅಂದರೂ ಅದರಲ್ಲಿ "ಯಾವುದಕ್ಕೂ ಇರಲಿ" ಅಂತ ಉಳಿಸಿಕೊಂಡ ಸಾಮಾನೇ ಹೆಚ್ಚು. ಪ್ರಾಗ್‌ನ ಹಳೇ ಬೀದಿಗಳಿಗೆ ಹಾಸಿರುವುದು ಕಲ್ಲು, ಒಂದೊಂದೂ ಅಂಗೈಯಷ್ಟು. ಮೂರನೇ ತಿರುವಿನಲ್ಲಿ ಒಂದು ಚಕ್ರ ಕಿತ್ತುಕೊಂಡು ಚರಂಡಿ ಕಡೆ ಉರುಳಿತು. ಆಮೇಲೆ ಹೊತ್ತುಕೊಂಡೇ ನಡೆದೆ.

ಏಪ್ರಿಲ್ ಮೊದಲ ವಾರ. ಬೆಳಿಗ್ಗೆ ಹಿಮದ ಹರಳು ಉದುರುತ್ತಿತ್ತು, ಮಧ್ಯಾಹ್ನ ಚಾರ್ಲ್ಸ್ ಸೇತುವೆಯ ಮೇಲೆ ಜನ ಟೀಶರ್ಟಿನಲ್ಲಿ ನಿಂತಿದ್ದರು, ಸಂಜೆ ಮಳೆ. ನನ್ನ ಪೆಟ್ಟಿಗೆಯಲ್ಲಿ ಮೈನಸ್ ಹತ್ತಕ್ಕೆ ಆಗುವಂಥ ಒಂದು ದಪ್ಪ ಜಾಕೆಟ್ ಇತ್ತು, ಬೆಂಗಳೂರಿನ ಟೀಶರ್ಟುಗಳಿದ್ದವು, ಇವೆರಡರ ನಡುವಿನದು ಒಂದೂ ಇರಲಿಲ್ಲ. ಒಂದು ಕಿಲೋ ರವೆ ಇತ್ತು. ಛತ್ರಿ ಮ್ಯೂನಿಕ್‌ನಲ್ಲಿ ಭದ್ರವಾಗಿತ್ತು :)

ಆ ರಾತ್ರಿ ಹಾಸ್ಟೆಲಿನಲ್ಲಿ ಕಾಲು ಚಾಚಿ ಕೂತಾಗ ಹುಟ್ಟಿದ ಪ್ರಶ್ನೆ: ಈ ಊರುಗಳಿಗೆ ನಮಗಿಂತ ಮೊದಲು ಬಂದವರು ಏನು ಹೊತ್ತು ತಂದಿದ್ದರು? ಆಮೇಲೆ ಕೆಲವು ವಾರ ಅದೇ ಓದು. ಓದಿದಷ್ಟೂ ಒಂದು ವಿಷಯ ಕಾಣತೊಡಗಿತು. ಮನುಷ್ಯ ಪೆಟ್ಟಿಗೆಗೆ ತುಂಬುವುದು ತನಗೆ ಬೇಕಾದ್ದನ್ನಲ್ಲ, ಹೋಗುವ ಊರಿನಲ್ಲಿ ಸಿಗಲಾರದು ಅಂತ ಅವನು ಹೆದರುವುದನ್ನು.

1590ರ ದಶಕದಲ್ಲಿ ಯೂರೋಪು ಸುತ್ತಿದ ಫೈನ್ಸ್ ಮೋರಿಸನ್ ಎಂಬ ಇಂಗ್ಲಿಷ್ ಪ್ರವಾಸಿಗೆ ಇದ್ದ ಹೆದರಿಕೆ ಕಳ್ಳರದು. ಅವನ ಪುಸ್ತಕ ಅಚ್ಚಾದದ್ದು 1617ರಲ್ಲಿ. ಒಂದು ಮರದ ಡಬ್ಬಿಯ ತಳದಲ್ಲಿ ಚಿನ್ನದ ನಾಣ್ಯ ಇಟ್ಟು, ಮೇಲೆ ಕಜ್ಜಿಗೆ ಹಚ್ಚುವ ಗಬ್ಬುನಾತದ ಮುಲಾಮು ತುಂಬಿದ್ದನಂತೆ. ಇನ್ನು ಕೆಲವು ನಾಣ್ಯಗಳ ಸುತ್ತ ದಾರ ಸುತ್ತಿ, ಹೊಲಿಗೆ ಸಾಮಾನಿನಂತೆ ಕಾಣಲಿ ಅಂತ ಸೂಜಿ ಚುಚ್ಚಿಟ್ಟಿದ್ದ. ಫ್ರಾನ್ಸಿನಲ್ಲಿ ಸೈನಿಕರು ಹಿಡಿದು ಅಂಗಿ ಸಮೇತ ಬಿಚ್ಚಿಕೊಂಡು ಹೋದರೂ ಮುಲಾಮಿನ ಡಬ್ಬಿ, ದಾರದ ಉಂಡೆ ಅವನಿಗೇ ಉಳಿದವು. ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದರಲ್ಲ, ಅದೇ ತಲೆ.

ಆದರೆ ಪಟ್ಟಿ ಮಾಡುವುದರಲ್ಲಿ ನನಗೆ ಇಷ್ಟವಾದವಳು ಮರಿಯಾನಾ ಸ್ಟಾರ್ಕ್. ನಾಟಕ ಬರೆಯುತ್ತಿದ್ದ ಹೆಂಗಸು. 1788ರಲ್ಲಿ ಆಡಿದ ಅವಳ ಒಂದು ನಾಟಕದ ಕಥೆ ನಡೆಯುವುದು ಭಾರತದಲ್ಲೇ. 1792ರಲ್ಲಿ ಕ್ಷಯ ಹಿಡಿದ ಮನೆಯವರನ್ನು ಕರೆದುಕೊಂಡು ಬಿಸಿಲಿಗಾಗಿ ಇಟಲಿಗೆ ಹೋದವಳು, ಸುತ್ತ ನೆಪೋಲಿಯನ್ನನ ಯುದ್ಧ ನಡೆಯುತ್ತಿದ್ದರೂ ಕೆಲವು ವರ್ಷ ಅಲ್ಲೇ ಉಳಿದಳು. ಆ ಅನುಭವದಿಂದ 1800ರಲ್ಲಿ ಬರೆದ ಪುಸ್ತಕ, ಆಮೇಲೆ ಅದನ್ನು ಬೆಳೆಸುತ್ತ ಹೋದ ಕೈಪಿಡಿಗಳು ಇಂಗ್ಲಿಷ್ ಪ್ರವಾಸಿಗರ ಕೈಯಲ್ಲಿ ದಶಕಗಟ್ಟಲೆ ಓಡಾಡಿದವು. ನೋಡಲೇಬೇಕಾದ ಚಿತ್ರಗಳಿಗೆ ಅವಳು ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಿದ್ದಳು. ಚೆನ್ನಾಗಿದ್ದಷ್ಟೂ ಚಿಹ್ನೆ ಹೆಚ್ಚು. ಇವತ್ತಿನ ಸ್ಟಾರ್ ರೇಟಿಂಗಿನ ಮುತ್ತಜ್ಜಿ.

ಅವಳ ಸಾಮಾನಿನ ಪಟ್ಟಿ ಓದಬೇಕು ನೀವು! ಚರ್ಮದ ಹಾಸಿಗೆವಸ್ತ್ರ, ಕಂಬಳಿ, ದಿಂಬು (ನಮ್ಮ ಹಳೇ ರೈಲು ಪ್ರಯಾಣದ ಹೋಲ್ಡಾಲ್ ನೆನಪಾಗುತ್ತದೆ), ಸೊಳ್ಳೆಪರದೆ, ತಂಗುವ ಕೋಣೆಯ ಬಾಗಿಲಿಗೆ ತಾವೇ ಹಾಕಿಕೊಳ್ಳಲು ಬೀಗ, ಪಿಸ್ತೂಲು, ಊಟದ ಚಾಕು, ಟೀ ಪಾತ್ರೆ, ಔಷಧದ ಪೆಟ್ಟಿಗೆ. ತಿಗಣೆ ಓಡಿಸಲು ಹಾಸಿಗೆಯ ಮೇಲೆ ನಾಲ್ಕೈದು ಹನಿ ಲ್ಯಾವೆಂಡರ್ ಎಣ್ಣೆ. ಕೆಟ್ಟ ನೀರಿನ ಹೂಜಿಗೆ ಕೆಲವು ಹನಿ ಗಂಧಕಾಮ್ಲ! (ಯಾರೂ ಪ್ರಯೋಗ ಮಾಡಬೇಡಿ.) ಈ ಪಟ್ಟಿಯನ್ನು ತಿರುಗಿಸಿ ಓದಿದರೆ ಆಗಿನ ಛತ್ರಗಳ ಚಿತ್ರ ಸಿಗುತ್ತದೆ: ಒದ್ದೆ ಹಾಸಿಗೆ, ಮುರಿದ ಚಿಲಕ, ತಿಗಣೆ, ಕುಡಿಯಲಾಗದ ನೀರು. ಜೊತೆಗೆ ಕೆಮ್ಮುವ ಮನೆಯವರು. ಹೆಂಗಸು ಏನನ್ನು ಬಿಟ್ಟು ಹೋಗಲು ಸಾಧ್ಯವಿತ್ತು?

ಇಷ್ಟನ್ನೂ ಹೊತ್ತದ್ದು ಕುದುರೆಗಾಡಿ ಮತ್ತು ಆಳುಗಳು, ಅದನ್ನೂ ಮರೆಯಬಾರದು. ಗಾಡಿಯ ತಲೆಯ ಮೇಲೆ ಮಳೆ ನೀರು ನಿಲ್ಲಬಾರದೆಂದು ಹಳೆಯ ಟ್ರಂಕುಗಳ ಮುಚ್ಚಳ ಗುಮ್ಮಟದಂತೆ ಇರುತ್ತಿತ್ತು. ರೈಲು ಬಂದ ಮೇಲೆ ಒಂದರ ಮೇಲೊಂದು ಪೇರಿಸಬೇಕಾಯಿತು. 1858ರಲ್ಲಿ ಪ್ಯಾರಿಸ್ಸಿನ ಲೂಯಿ ವಿಟಾನ್ ಮುಚ್ಚಳ ಚಪ್ಪಟೆಯಾದ, ಹಗುರವಾದ ಕ್ಯಾನ್ವಾಸ್ ಹೊದಿಕೆಯ ಟ್ರಂಕು ಮಾಡಿದ್ದು ಈ ಅಗತ್ಯಕ್ಕೆ. ಇನ್ನೊಂದು ಕಡೆ ಬೇಡೆಕರ್ ಕೈಪಿಡಿಗಳು ಸಾಮಾನು ಕಡಿಮೆ ಇರಲಿ, ನೀವೇ ಎತ್ತುವಷ್ಟಿದ್ದರೆ ಕೂಲಿಯವರ ಕಾಟ ತಪ್ಪುತ್ತದೆ ಎನ್ನುತ್ತಿದ್ದವು. ಕೇಳಿದವರು ಕಡಿಮೆ ಅಂತ ನನ್ನ ಊಹೆ. ಬೇರೆಯವರು ಎತ್ತುವ ಪೆಟ್ಟಿಗೆ ಯಾವತ್ತೂ ದೊಡ್ಡದೇ.

ಎಷ್ಟು ದೊಡ್ಡದು? 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೊರಟ ಜೈಪುರದ ಮಹಾರಾಜ ಎರಡನೇ ಮಾಧೋಸಿಂಗ್, ಪರದೇಶದ ನೀರು ಮುಟ್ಟಬಾರದೆಂದು ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದರು. ಒಂದೊಂದು ಹಂಡೆಯ ಬೆಳ್ಳಿಯೇ ಸುಮಾರು 345 ಕಿಲೋ. ಎರಡು ಈಗಲೂ ಜೈಪುರದ ಅರಮನೆಯಲ್ಲಿ ನಿಂತಿವೆ. ಸ್ಟಾರ್ಕ್ ಆಮ್ಲದ ಸೀಸೆ ಇಟ್ಟುಕೊಂಡ ಭಯವೇ ಇದು, ಖಜಾನೆ ಬೇರೆ ಅಷ್ಟೆ.

ಋತುವಿನ ಲೆಕ್ಕ ತಪ್ಪಿದವರಲ್ಲಿ ನನಗೆ ಸಮಾಧಾನ ಕೊಟ್ಟವರು ಗಾಂಧೀಜಿ. 1888ರಲ್ಲಿ ಹತ್ತೊಂಬತ್ತು ತುಂಬುವ ಮೊದಲು ಇಂಗ್ಲೆಂಡಿಗೆ ಹೋದಾಗ, ಕರಿ ಸೂಟನ್ನು ಹಡಗಿನಲ್ಲಿ ತೊಟ್ಟು, ಇಳಿಯುವ ದಿನಕ್ಕೆಂದೇ ಬಿಳಿ ಫ್ಲಾನೆಲ್ ಸೂಟು ಜೋಪಾನ ಮಾಡಿದ್ದರು. ಸೆಪ್ಟೆಂಬರ್ ಕೊನೆ. ದಡದಲ್ಲಿ ನೋಡಿದರೆ ಬಿಳಿ ಬಟ್ಟೆಯವರು ಇವರೊಬ್ಬರೇ! ಪೆಟ್ಟಿಗೆಗಳನ್ನೂ ಬೀಗದ ಕೈಗಳನ್ನೂ ಏಜೆಂಟರಿಗೆ ಕೊಟ್ಟಾಗಿತ್ತು, ಮಾರನೇ ದಿನ ಭಾನುವಾರ, ಸೋಮವಾರದವರೆಗೆ ಸಾಮಾನು ಬರುವುದಿಲ್ಲ. ಆತ್ಮಕಥೆಯಲ್ಲಿ ಆ ಸಿಟ್ಟನ್ನು ಮುಚ್ಚಿಟ್ಟಿಲ್ಲ. ಹಡಗಿನಲ್ಲಿ ಹೆಚ್ಚಾಗಿ ತಿಂದದ್ದು ಮನೆಯಿಂದ ಕಟ್ಟಿಕೊಂಡು ಹೋದ ಸಿಹಿ ಮತ್ತು ಹಣ್ಣು.

ಮಳೆಯ ಕಥೆ ಚಿಕ್ಕದು. 1823ರಲ್ಲಿ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಅಂಟಿಸಿ ಪೇಟೆಂಟ್ ಪಡೆದ. ಆರಂಭದ ಆ ಕೋಟುಗಳು ಬಿಸಿಲಿಗೆ ಅಂಟುತ್ತಿದ್ದವು, ಚಳಿಗೆ ಹಲಗೆಯಾಗುತ್ತಿದ್ದವು, ವಾಸನೆ ಬೇರೆ. 1879ರಲ್ಲಿ ಬರ್ಬರಿಯ ಗ್ಯಾಬರ್ಡೀನ್ ಬಟ್ಟೆ ಬಂದಮೇಲೆ ಗಾಳಿಯಾಡುವ ಮಳೆಕೋಟು ಸಾಧ್ಯವಾಯಿತು. ಜರ್ಮನಿಯ ಹಾನ್ಸ್ ಹಾಪ್ಟ್ 1928ರಲ್ಲಿ ಮಡಚುವ ಛತ್ರಿ ತಂದ.

ಚಕ್ರ ಬರಲು ಮಾತ್ರ ಚಂದ್ರನ ಮೇಲೆ ಕಾಲಿಟ್ಟ ಮೇಲೂ ಕಾಯಬೇಕಾಯಿತು. ಅಮೆರಿಕದ ಬರ್ನಾರ್ಡ್ ಸ್ಯಾಡೋ ಸೂಟ್‌ಕೇಸಿಗೆ ನಾಲ್ಕು ಚಕ್ರ, ಒಂದು ಪಟ್ಟಿ ಕಟ್ಟಿದ್ದು 1970ರಲ್ಲಿ, ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ಗಂಡಸರು ಪೆಟ್ಟಿಗೆ ಎಳೆದುಕೊಂಡು ಹೋಗುವುದಿಲ್ಲ ಅಂತ ಅಂಗಡಿಯವರು ಮೊದಲು ವಾಪಸು ಕಳಿಸಿದ್ದರಂತೆ. ಉದ್ದ ಹಿಡಿಯ, ನಿಲ್ಲಿಸಿ ಎಳೆಯುವ ಪೆಟ್ಟಿಗೆ 1987ರದ್ದು, ಮಾಡಿದವನು ಪೈಲಟ್ ರಾಬರ್ಟ್ ಪ್ಲಾತ್. ಅಷ್ಟರಲ್ಲಿ ಹಮಾಲರು ಹೆಚ್ಚುಕಡಿಮೆ ಮಾಯವಾಗಿದ್ದರು. ಅವನು ಯೋಚಿಸಿದ್ದು ವಿಮಾನ ನಿಲ್ದಾಣದ ನುಣುಪು ನೆಲವನ್ನು, ಪ್ರಾಗ್‌ನ ಕಲ್ಲನ್ನಲ್ಲ. 2006ರಲ್ಲಿ ಅಗ್ಗದ ವಿಮಾನಗಳು ಬ್ಯಾಗಿಗೆ ಬೇರೆ ದುಡ್ಡು ಕೇಳತೊಡಗಿದವು. ಅದೇ ವರ್ಷ, ಲಂಡನ್ನಿನಲ್ಲಿ ಬಯಲಾದ ಸಂಚಿನ ನಂತರ, ದ್ರವಗಳಿಗೆ ನೂರು ಮಿಲಿಲೀಟರ್ ಮಿತಿಯೂ ಬಂತು. ಎರಡು ದಿನಕ್ಕೆ ಊರು ನೋಡಲು ಹೋಗುವವರ ಪೆಟ್ಟಿಗೆ ಆಮೇಲೆ ತಾನಾಗಿ ಸಣ್ಣದಾಯಿತು.

ಹಾಗಾದರೆ ನನ್ನ ಪೆಟ್ಟಿಗೆಯಲ್ಲಿ ಒಂದು ಕಿಲೋ ರವೆ ಏಕಿತ್ತು? ಅಮ್ಮನನ್ನು ಕೇಳಿದೆ. "ಚಿಕ್ಕಜ್ಜ ಹಾಗೇ ತಗೊಂಡು ಹೋಗಿದ್ರು" ಅಂದಳು. ಚಿಕ್ಕಜ್ಜ, ಅಂದರೆ ನನ್ನ ಅಜ್ಜನ ತಮ್ಮ, 1971ರಲ್ಲಿ ತರಬೇತಿಗೆಂದು ಪಶ್ಚಿಮ ಜರ್ಮನಿಗೆ ಹೋಗಿದ್ದವರು. ಆಗ ಭಾರತದಿಂದ ಹೊರಟವರು ಜೊತೆಗೆ ಒಯ್ಯಬಹುದಾಗಿದ್ದದ್ದು ಎಂಟು ಡಾಲರ್. ಎಂಟೇ. ಅವರ ಟ್ರಂಕಿನಲ್ಲಿ ಅವಲಕ್ಕಿ, ಸಾರಿನಪುಡಿ, ಆರು ಸೋಪು, ಕೊಬ್ಬರಿ ಎಣ್ಣೆ, ಸೂಜಿದಾರ, ಊರಿನ ಮೇಷ್ಟರಿಂದ ಎರವಲು ತಂದ ಉಣ್ಣೆಯ ಕೋಟು.

ನನ್ನ ಹೊಸ ಸಿದ್ಧಾಂತವನ್ನು ಫೋನಿನಲ್ಲಿ ಅವರಿಗೆ ವಿವರಿಸಿದೆ. ಸಿಗಲಾರದು ಅಂತ ಹೆದರುವುದನ್ನು ಜನ ತುಂಬುತ್ತಾರೆ, ಇತ್ಯಾದಿ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಲ್ಲಿ ಎಲ್ಲಾ ಸಿಗ್ತಿತ್ತು ಕಣೋ. ಕೊಳ್ಳೋಕೆ ದುಡ್ಡಿರ್ಲಿಲ್ಲ. ಮೊದಲ ತಿಂಗಳ ಸ್ಟೈಪೆಂಡ್ ಬರೋ ತನಕ ಯಾರ ಹತ್ರಾನೂ ಏನೂ ಕೇಳಬಾರದು ಅಂತ ತುಂಬ್ಕೊಂಡೆ. ಕೋಟು ಮಾತ್ರ ಕೇಳಿದ್ದು. ಅದೂ ಊರಲ್ಲೇ."

ನನ್ನ ಸಿದ್ಧಾಂತಕ್ಕೆ ಅಲ್ಲಿಗೆ ಅರ್ಧ ಜೀವ ಹೋಯಿತು. ನಿರ್ಬಂಧ ಹೋಗಿ ಎಷ್ಟೋ ಕಾಲವಾಯಿತು, ನನ್ನ ಜೇಬಿನಲ್ಲಿ ಆಫೀಸಿನ ಕಾರ್ಡ್ ಇದೆ, ಮ್ಯೂನಿಕ್‌ನ ಇಂಡಿಯನ್ ಅಂಗಡಿಯಲ್ಲಿ ರವೆಯೂ ಇದೆ. ಆದರೆ ಅಮ್ಮ ಪೆಟ್ಟಿಗೆ ಕಟ್ಟುವುದನ್ನು ಕಲಿತದ್ದು ಆ ಟ್ರಂಕು ನೋಡಿ.

ಈಗ ನಾನು ಯಾವ ತಿಂಗಳಲ್ಲೇ ಆಗಲಿ, ಎರಡು ಮೂರು ದಿನಕ್ಕೆ ಒಯ್ಯುವುದು ಬೆನ್ನಿನ ಒಂದು ಚೀಲ. ಮೈಗೆ ಅಂಟುವ ತೆಳು ಉಣ್ಣೆಯದು ಒಂದು, ಅದರ ಮೇಲೊಂದು ಸ್ವೆಟರ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ ಹಗುರ ಜಾಕೆಟ್. ಬೇಸಿಗೆಯಲ್ಲಿ ನಡುವಿನದು ಚೀಲದಲ್ಲೇ ಇರುತ್ತದೆ, ಜನವರಿಯಲ್ಲಿ ಟೋಪಿ, ಗ್ಲೌಸು ಸೇರುತ್ತವೆ. ಪಳಗಿದ ಬೂಟು. ನಮ್ಮ ಫೋನಿನ ಎರಡು ಕಡ್ಡಿಯ ಚಾರ್ಜರ್ ಅಲ್ಲಿ ಸಾಮಾನ್ಯವಾಗಿ ಕೂರುತ್ತದೆ, ಲ್ಯಾಪ್‌ಟಾಪಿನ ಮೂರು ಕಡ್ಡಿಯದು ಕೂರುವುದಿಲ್ಲ, ಅಡಾಪ್ಟರ್ ಬೇಕು. ಊರಿನಿಂದ ತುಪ್ಪ, ಹಾಲಿನ ಪೇಡ ತರಬೇಡಿ, ಹೊರದೇಶದ ಹಾಲಿನ ಪದಾರ್ಥ ಯೂರೋಪಿಯನ್ ಒಕ್ಕೂಟದೊಳಗೆ ಬಿಡುವುದಿಲ್ಲ.

ಕಳೆದ ನವೆಂಬರಿನಲ್ಲಿ ಮತ್ತೆ ಮ್ಯೂನಿಕ್‌ಗೆ ಹೋಗುವಾಗ ಚಿಕ್ಕಜ್ಜ ಒಂದು ಸಣ್ಣ ತಗಡಿನ ಡಬ್ಬಿ ಕಳಿಸಿಕೊಟ್ಟರು. ಕಪ್ಪು ದಾರ, ಬಿಳಿ ದಾರ, ಮೂರು ಸೂಜಿ. ವಿಯೆನ್ನಾಗೆ ಹೋದ ವಾರಾಂತ್ಯದಲ್ಲಿ ಜಾಕೆಟ್ಟಿನ ಗುಂಡಿ ಕಿತ್ತುಬಂತು. ಅವತ್ತು ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು. ಹಾಸ್ಟೆಲಿನ ಮಂಚದ ಮೇಲೆ ಕೂತು ಹೊಲಿದುಕೊಂಡೆ. ಎದುರು ಮಂಚದ ಹುಡುಗ ಸ್ವಲ್ಪ ಹೊತ್ತು ನೋಡಿ, ತನ್ನ ಹರಿದ ಚೀಲ ತೋರಿಸಿ, ಸೂಜಿ ಕೊಡುತ್ತೀಯಾ ಅಂತ ಕೇಳಿದ.