ಶೋಧನೆಯನ್ನು ಜಯಿಸಿದ ಮರುಭೂಮಿಯ ತಪಸ್ವಿಗಳು

ಸಂತ ಅಂತೋಣಿಯವರ ಹೆಸರನ್ನು ಅರಿಯದ ಕಥೋಲಿಕ ಕುಟುಂಬ ನಮ್ಮ ನಾಡಿನಲ್ಲಿ ಇರಲಾರದು. ಮಂಗಳವಾರಗಳಂದು ಅವರ ಪ್ರತಿಮೆಯ ಮುಂದೆ ಮೇಣದ ಬತ್ತಿ ಹಚ್ಚುವವರೂ, ಹರಕೆ ಹೊತ್ತು ದೋರನಹಳ್ಳಿಯ ಪುಣ್ಯಕ್ಷೇತ್ರಕ್ಕೆ ತೆರಳುವವರೂ ನಮ್ಮಲ್ಲಿ ಅನೇಕರು. ಆದರೆ ಪದುವದ ಆ ಸಂತರ ಜ್ಞಾನಸ್ನಾನದ ಹೆಸರು ಫೆರ್ನಾಂಡೊ. 1220ರಲ್ಲಿ ಫ್ರಾನ್ಸಿಸ್ಕನ್ ಸಭೆಯನ್ನು ಸೇರಿದಾಗ ಅವರು ತಮಗಿಂತ ಎಂಟೂವರೆ ಶತಮಾನಗಳಷ್ಟು ಹಿಂದೆ ಬಾಳಿದ್ದ ಮತ್ತೊಬ್ಬ ಅಂತೋಣಿಯವರ ಹೆಸರನ್ನು ಧರಿಸಿದರು. ಈಜಿಪ್ಟಿನ ಮರುಭೂಮಿಯಲ್ಲಿ ಶೋಧನೆಗಳೊಡನೆ ಹೋರಾಡಿ ಗೆದ್ದ ಆ ಹಿರಿಯ ಸಂತರನ್ನೂ ಅವರ ಶಿಷ್ಯಪರಂಪರೆಯನ್ನೂ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಸ್ಮರಿಸುವುದು ಯುಕ್ತವೆಂದು ಭಾವಿಸುತ್ತೇವೆ.

ಅಂತೋಣಿಯವರು ಹುಟ್ಟಿದ್ದು ಸುಮಾರು 251ರಲ್ಲಿ, ನೈಲ್ ನದಿಯ ತೀರದ ಸ್ಥಿತಿವಂತ ಕ್ರೈಸ್ತ ಮನೆತನವೊಂದರಲ್ಲಿ. ಇಪ್ಪತ್ತು ತುಂಬುವ ಹೊತ್ತಿಗೆ ತಂದೆತಾಯಿಗಳು ತೀರಿಕೊಂಡು, ಇಂದಿನ ಲೆಕ್ಕದಲ್ಲಿ ಸುಮಾರು 200 ಎಕರೆ ಫಲವತ್ತಾದ ಜಮೀನೂ ಎಳೆಯ ತಂಗಿಯ ಹೊಣೆಯೂ ಅವರ ಪಾಲಿಗೆ ಬಂದವು. ಒಂದು ದಿನ ದೇವಾಲಯದಲ್ಲಿ ಸಂತ ಮತ್ತಾಯರ ಶುಭಸಂದೇಶದ ವಾಚನವಾಗುತ್ತಿತ್ತು. ಪರಿಪೂರ್ಣನಾಗಬಯಸಿದರೆ ಇದ್ದುದನ್ನು ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸಬೇಕೆಂದು ಯೇಸುಸ್ವಾಮಿ ಧನಿಕ ಯುವಕನಿಗೆ ಹೇಳಿದ ಮಾತು ತಮ್ಮನ್ನೇ ಕುರಿತದ್ದೆಂದು ಅವರಿಗೆ ತೋರಿತು. ಜಮೀನನ್ನು ಊರವರಿಗೆ ಬಿಟ್ಟುಕೊಟ್ಟರು. ಉಳಿದುದನ್ನು ಮಾರಿ ಬಡವರಿಗೆ ಹಂಚಿದರು. ತಂಗಿಯನ್ನು ಧರ್ಮನಿಷ್ಠ ಕನ್ಯೆಯರ ಪಾಲನೆಗೆ ಒಪ್ಪಿಸಿ ತಪೋಜೀವನವನ್ನು ಕೈಗೊಂಡರು.

ಅವರ ಜೀವನಚರಿತ್ರೆಯನ್ನು ಬರೆದವರು ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷರಾದ ಸಂತ ಅಥನಾಸಿಯುಸರು. ಅದರಲ್ಲಿ ವರ್ಣಿತವಾಗಿರುವ ಮೊದಲ ಶೋಧನೆ ನಮ್ಮೆಲ್ಲರಿಗೂ ಎಚ್ಚರಿಕೆಯ ಗಂಟೆಯಂತಿದೆ. ವೈರಿ ಮೊದಲು ಕ್ರೂರಮೃಗದ ರೂಪದಲ್ಲಿ ಬರಲಿಲ್ಲ. ತಂಗಿಯ ಕಾಳಜಿಯಾಗಿ, ಬಂಧುಬಳಗದ ಮಮತೆಯಾಗಿ, ಬಿಟ್ಟುಬಂದ ಆಸ್ತಿಯ ನೆನಪಾಗಿ ಬಂದನು. ದೇಹ ದುರ್ಬಲ, ಹಾದಿ ದೀರ್ಘ ಎಂಬ ವಿವೇಕದ ಮಾತನ್ನೂ ಆಡಿದನು. ಕಾಮದ ಕೆರಳಿಕೆ, ಭಯಾನಕ ದೃಶ್ಯಗಳು ಎಲ್ಲವೂ ಅನಂತರದವು. ಕೆಡುಕು ಒಳಿತಿನ ಉಡುಪು ತೊಟ್ಟು ಬಾಗಿಲು ತಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೆ?

ಮುಂದೆ ಊರಾಚೆಯ ಸಮಾಧಿಯೊಂದರಲ್ಲಿ ಪ್ರಾರ್ಥನಾನಿರತರಾಗಿದ್ದಾಗ ಪಿಶಾಚಿಗಳ ಹೊಡೆತಕ್ಕೆ ಸಿಕ್ಕಿ ಅವರು ಸತ್ತವರಂತೆ ಬಿದ್ದರಂತೆ. ಹೋರಾಟ ಮುಗಿದು ಬೆಳಕಿನ ಕಿರಣವೊಂದು ಇಳಿದುಬಂದಾಗ ಅವರು, ಪ್ರಭುವೇ, ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಮೊರೆಯಿಟ್ಟರು. ತಾನು ಅಲ್ಲಿಯೇ ಇದ್ದು ಅವರ ಹೋರಾಟವನ್ನು ನೋಡುತ್ತಿದ್ದೆನೆಂಬ ಉತ್ತರ ದೊರೆಯಿತೆಂದು ಅಥನಾಸಿಯುಸರು ಬರೆಯುತ್ತಾರೆ. ಆ ಬಳಿಕ ಸುಮಾರು ಇಪ್ಪತ್ತು ವರ್ಷ ಪಾಳುಕೋಟೆಯೊಂದರಲ್ಲಿ ಏಕಾಂತವಾಸ. ಅಲ್ಲಿಂದ ಹೊರಬಂದಾಗ ಅವರು ಉಬ್ಬಿಯೂ ಇರಲಿಲ್ಲ, ಸೊರಗಿಯೂ ಇರಲಿಲ್ಲ. ಮುಖದಲ್ಲಿ ಪ್ರಶಾಂತತೆ ನೆಲೆಸಿತ್ತು. 356ರಲ್ಲಿ, 105ರ ವಯಸ್ಸಿನಲ್ಲಿ ಅವರು ದೇವರ ಸನ್ನಿಧಿಯನ್ನು ಸೇರಿದರು. ಅವರ ಸ್ಮರಣೆಯ ದಿನ ಜನವರಿ 17.

ಈ ಜೀವನಚರಿತ್ರೆಯ ಪ್ರಭಾವ ಮರುಭೂಮಿಯನ್ನು ದಾಟಿತು. 386ರಲ್ಲಿ ಮಿಲಾನ್ ನಗರದಲ್ಲಿದ್ದ ಅಗಸ್ಟೀನರು ಅಂತೋಣಿಯವರ ಕಥೆಯನ್ನು ಮಿತ್ರನೊಬ್ಬನ ಬಾಯಿಂದ ಕೇಳಿದರು. ಹಳೆಯ ಚಟಗಳ ಸೆರೆಯಿಂದ ಬಿಡಿಸಿಕೊಳ್ಳಲಾರದೆ ತೊಳಲುತ್ತಿದ್ದ ಆ ವಿದ್ವಾಂಸರ ಮನಪರಿವರ್ತನೆಗೆ ಅದೂ ಒಂದು ಪ್ರೇರಣೆಯಾಯಿತು.

ಮರುಭೂಮಿಯ ಅನುಭವವನ್ನು ಶಾಸ್ತ್ರವಾಗಿ ಅಳವಡಿಸಿದವರು ಇವಾಗ್ರಿಯುಸರು. ಇವರು 399ರಲ್ಲಿ ನಿಧನರಾದರು. ಅವರ ಕೆಲವು ತಾತ್ವಿಕ ವಿಚಾರಗಳನ್ನು ಧರ್ಮಸಭೆ ಒಪ್ಪಲಿಲ್ಲವಾದರೂ ಮನಸ್ಸಿನ ಪರಿಶೀಲನೆಯಲ್ಲಿ ಅವರು ನಿಪುಣರು. ಮನುಷ್ಯನನ್ನು ಕಾಡುವ ಎಂಟು ದುರಾಲೋಚನೆಗಳನ್ನು ಅವರು ಗುರುತಿಸಿದರು. ಪೋಪ್ ಮಹಾ ಗ್ರೆಗೊರಿಯವರ (590–604) ಬರಹಗಳ ಮೂಲಕ ಇವೇ ಮುಂದೆ ನಾವು ಧರ್ಮೋಪದೇಶದಲ್ಲಿ ಕಲಿತ ಏಳು ಮೂಲಪಾಪಗಳ ಪಟ್ಟಿಯಾಗಿ ರೂಪುಗೊಂಡವು. ಪ್ರತಿಯೊಂದು ದುರಾಲೋಚನೆಗೂ ಪವಿತ್ರ ಗ್ರಂಥದ ಮಾತಿನಿಂದಲೇ ಉತ್ತರ ಕೊಡಬೇಕೆಂಬುದು ಇವಾಗ್ರಿಯುಸರ ಬೋಧನೆ. ನಲವತ್ತು ದಿನಗಳ ಉಪವಾಸದ ಅಂತ್ಯದಲ್ಲಿ ಯೇಸುಸ್ವಾಮಿಯೂ ಸೈತಾನನಿಗೆ ಮೂರು ಬಾರಿಯೂ ಧರ್ಮೋಪದೇಶಕಾಂಡದ ವಾಕ್ಯಗಳಿಂದಲೇ ಉತ್ತರವಿತ್ತರಲ್ಲವೇ? ಪಾಪರಹಿತರಾದ ಪ್ರಭುವೇ ಶೋಧನೆಗೆ ಒಳಗಾದರೆಂಬುದನ್ನೂ ನಾವು ಗಮನಿಸಬೇಕು. ಶೋಧನೆ ಬರುವುದು ಪಾಪವಲ್ಲ. ಅದಕ್ಕೆ ಮನಸಾರೆ ಸಮ್ಮತಿಸುವುದೇ ಪಾಪ.

ಈ ತಪಸ್ವಿಗಳ ಬೋಧನೆಯನ್ನು ಯೂರೋಪಿಗೆ ಕೊಂಡೊಯ್ದವರು ಜಾನ್ ಕಾಸಿಯನ್. ಸುಮಾರು 415ರಲ್ಲಿ ಅವರು ಮಾರ್ಸೇಲ್ ನಗರದಲ್ಲಿ ಮಠಗಳನ್ನು ಸ್ಥಾಪಿಸಿದರು. ಸೆರಾಪಿಯೋನ್ ಎಂಬ ತಪಸ್ವಿ ತನ್ನ ಬಾಲ್ಯವನ್ನು ಕುರಿತು ಹೇಳಿಕೊಂಡ ಪ್ರಸಂಗವೊಂದು ಅವರ ಗ್ರಂಥದಲ್ಲಿದೆ. ಬಾಲಕನು ಗುರು ಥೆಯೋನರ ಬಳಿ ವಾಸವಾಗಿದ್ದನು. ದಿನವೂ ಊಟವಾದ ಮೇಲೆ ಒಣರೊಟ್ಟಿಯೊಂದನ್ನು ಉಡುಪಿನೊಳಗೆ ಬಚ್ಚಿಟ್ಟು, ಸಂಜೆ ಮರೆಯಲ್ಲಿ ತಿನ್ನುತ್ತಿದ್ದನು. ತಿಂದ ರುಚಿಗಿಂತ ಅನಂತರದ ವ್ಯಥೆಯೇ ಹೆಚ್ಚು; ಆದರೂ ಬಿಡಲಾಗಲಿಲ್ಲ. ಒಂದು ದಿನ ಗುರುಗಳು ಅತಿಥಿಗಳೊಡನೆ ಮುಚ್ಚಿಟ್ಟ ಆಲೋಚನೆಗಳ ಬಲವನ್ನು ಕುರಿತು ಮಾತನಾಡುತ್ತಿದ್ದಾಗ ಬಾಲಕನಿಗೆ ದುಃಖ ಉಕ್ಕಿಬಂದು, ರೊಟ್ಟಿಯನ್ನು ಹೊರತೆಗೆದು ಎಲ್ಲರೆದುರು ತಪ್ಪೊಪ್ಪಿಕೊಂಡನು. ತಾವು ಮಾತಾಡುವ ಮೊದಲೇ ಆ ನಿವೇದನೆಯೇ ಅವನನ್ನು ಬಿಡುಗಡೆ ಮಾಡಿತೆಂದು ಗುರುಗಳು ಸಂತೈಸಿದರು. ಆ ಆಸೆ ಮತ್ತೆಂದೂ ಅವನನ್ನು ಕಾಡಲಿಲ್ಲ. ಅದೇ ಗ್ರಂಥದಲ್ಲಿ ಐವತ್ತು ವರ್ಷ ಕಠೋರ ತಪಸ್ಸು ಮಾಡಿಯೂ ಹಿರಿಯರ ಸಲಹೆಯನ್ನು ಕಡೆಗಣಿಸಿ, ಸ್ವಬುದ್ಧಿಯನ್ನೇ ನಂಬಿ, ಸೈತಾನನ ಮಾತಿಗೆ ಮರುಳಾಗಿ ಬಾವಿಗೆ ಹಾರಿದ ವೃದ್ಧನೊಬ್ಬನ ಕಥೆಯೂ ಇದೆ. ಬಾಲಕನು ಉಳಿದನು, ವೃದ್ಧನು ಅಳಿದನು. ಭೇದವಿದ್ದದ್ದು ತಪಸ್ಸಿನ ಬಲದಲ್ಲಲ್ಲ, ಅಂತರಂಗವನ್ನು ತೆರೆದಿಡುವ ವಿನಯದಲ್ಲಿ.

ಮರುಭೂಮಿಯ ಈ ಪದ್ಧತಿ ಪಾಪನಿವೇದನೆಯ ಸಂಸ್ಕಾರವಲ್ಲ. ಆದರೆ ಆ ಸಂಸ್ಕಾರದ ಅಂತಃಸತ್ವಕ್ಕೆ ಸಮೀಪವಾದುದು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರ ನಾಲ್ಕನೆಯ ಲಾತೆರಾನ್ ಮಹಾಸಭೆ ವಿಧಿಸಿತು. ಇಂದು ನಮ್ಮ ದೇವಾಲಯಗಳಲ್ಲಿ ಪರಮಪ್ರಸಾದದ ಸಾಲು ಉದ್ದವಾಗಿಯೂ ಪಾಪನಿವೇದನೆಯ ಸಾಲು ಗಿಡ್ಡವಾಗಿಯೂ ಇರುವುದನ್ನು ಕಾಣುತ್ತೇವೆ. ಕುಡಿತ, ಸಾಲ, ಜೂಜು, ಅಂಗೈಯ ಮೊಬೈಲಿನೊಳಗಿನ ಕತ್ತಲೆ, ಇವುಗಳೊಡನೆ ನಮ್ಮ ಎಷ್ಟೋ ಯುವಕರು, ಮನೆಯ ಯಜಮಾನರೂ ಕೂಡ, ಯಾರಿಗೂ ಹೇಳದೆ ಒಬ್ಬಂಟಿಯಾಗಿ ಸೆಣಸುತ್ತಿದ್ದಾರೆ. ಬಚ್ಚಿಟ್ಟ ರೊಟ್ಟಿ ದಿನದಿನಕ್ಕೂ ಭಾರವಾಗುತ್ತದೆ. ತಪ್ಪೊಪ್ಪಿದವನನ್ನು ಹಂಗಿಸದೆ ಆದರಿಸುವ ಹೃದಯ ನಮ್ಮ ಮನೆಗಳಲ್ಲಿಯೂ ಇರಬೇಕು. ಥೆಯೋನರು ಬಾಲಕನನ್ನು ಗದರಿಸಲಿಲ್ಲ.

ನೂರು ವರ್ಷಗಳಿಂದ ನಮ್ಮ ಹಿರಿಯರು ತಪಸ್ಸುಕಾಲದ ಉಪವಾಸ, ಸಂಜೆಯ ಜಪಸರ ಮತ್ತು ಪಾಪನಿವೇದನಾ ಪೀಠದ ಆಶ್ರಯದಲ್ಲಿ ತಮ್ಮ ವಿಶ್ವಾಸವನ್ನು ಕಾಪಾಡಿಕೊಂಡು ಬಂದರು. ಗೋಡೆ ಗೋಪುರಗಳನ್ನು ನವೀಕರಿಸುವ ನಾವು ಆ ಆಶ್ರಯವನ್ನೂ ನವೀಕರಿಸೋಣ. ಹೋರಾಟದ ಗಳಿಗೆಯಲ್ಲಿ ಮೌನವಾಗಿ ಬಳಿಯಲ್ಲೇ ನಿಂತಿರುವ ಪ್ರಭು ನಮ್ಮೆಲ್ಲರನ್ನೂ ತಮ್ಮ ಆತ್ಮಬಲದಿಂದ ತುಂಬಲಿ.